ದೀಪ ಹಚ್ಚಿದ ಮೇಲಿನ ಪಂಕ್ತಿ

ಒಣಗಿದ ಕಾಫಿಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಕುಲುಕಿದರೆ ಒಳಗಿನ ಬೀಜ ಗಿಲಗಿಲ ಎನ್ನುತ್ತದೆ. ಹಸಿ ಇದ್ದರೆ ಸದ್ದೇ ಇಲ್ಲ. ಮೊನ್ನೆ ಮಗಳ ನಿಶ್ಚಿತಾರ್ಥಕ್ಕೆಂದು ಸುಲ್ತಾನ್ ಬತ್ತೇರಿಯಲ್ಲಿ ಒಂದು ಹಾಲ್ ನೋಡಿಕೊಂಡು ಬರುವಾಗ, ಪಕ್ಕದ ಕಾಫಿ ಅಂಗಡಿಯವನು ಮೂಟೆಯಿಂದ ಒಂದು ಹಿಡಿ ತೆಗೆದು ಹಾಗೆ ಕುಲುಕಿದ. ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಆ ಹಾಲ್‌ನ ಮ್ಯಾನೇಜರ್ ಆಗಷ್ಟೇ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಜನ ಎಂದು. ಯಾರು ಯಾರು ಎಂದು ಅವನಿಗೆ ಬೇಕಿರಲಿಲ್ಲ. ಕುರ್ಚಿಗೆಲ್ಲ ಬಿಳಿ ಬಟ್ಟೆ ಹಾಕ್ತೀವಿ ಮೇಡಂ, ಜನ ಅವರೇ ಬಡಿಸಿಕೊಂಡು ನಿಂತು ತಿನ್ನುತ್ತಾರೆ ಎಂದ. ನಿಂತು ತಿನ್ನುವುದಂತೆ! ನಮ್ಮಜ್ಜಿ ಕೇಳಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದಳು.

ಅಜ್ಜಿಗೆ ಊಟ ಹಾಕುವುದೆಂದರೆ ಮೊದಲು ಕೂರಿಸುವುದು. ಕಲ್ಲೂರಿನ ರಸ್ತೆಯಿಂದ ಒಳಗೆ ಇಳಿದರೆ ಸಿಗುತ್ತಿದ್ದ ನಮ್ಮ ಮನೆಯ ಮುಂದೆ ಕಾಫಿ ಒಣಗಿಸುವ ದೊಡ್ಡ ಕಣವಿತ್ತು. ಮನೆಯಲ್ಲಿ ಏನಾದರೂ ಕಾರ್ಯವಿದ್ದರೆ ಅದನ್ನೇ ಗುಡಿಸಿ ಸಾರಿಸಿ ಚಪ್ಪರ ಹಾಕುತ್ತಿದ್ದರು. ಅದಕ್ಕೂ ಎಷ್ಟೋ ದಿನ ಮೊದಲೇ ಅಜ್ಜಿ ನಡುಮನೆಯ ಕೆಂಪು ನೆಲದ ಮೇಲೆ ಕಾಲು ಚಾಚಿ ಕೂತು, ಮಡಿಲಿನಿಂದ ಒಂದೊಂದೇ ಕಾಫಿಹಣ್ಣು ತೆಗೆದು ಸಾಲು ಜೋಡಿಸುತ್ತಿದ್ದಳು. ಒಂದು ಹಣ್ಣೆಂದರೆ ಒಬ್ಬ ಮನುಷ್ಯ. ಮಂಡಿ ಮಡಚಲಾಗದವರು ಕಂಬದ ಪಕ್ಕ, ಒರಗುವುದಕ್ಕೆ. ಕಿವಿ ಕೇಳಿಸದವರು ಸಾಲಿನ ಶುರುವಿನಲ್ಲಿ, ಬಡಿಸುವವರು ಕೂಗಿಕೊಳ್ಳಬಾರದು. ಗದ್ದೆಯ ಬದುವಿಗಾಗಿ ಜಗಳವಾಡಿಕೊಂಡವರು ಒಂದೇ ಸಾಲಿನಲ್ಲಿ, ಎದುರುಬದುರು ಕೂತರೆ ಮುಖ ನೋಡಬೇಕಾಗುತ್ತದಲ್ಲ. ಕಣ ಬಾವಿಯ ಕಡೆಗೆ ಸ್ವಲ್ಪ ಇಳಿಜಾರು. ಅತ್ತ ಎಲೆ ಹಾಕಿದರೆ ಪಾಯಸ ಮಡಿಲಿಗೆ ಬರುತ್ತದೆ ಎಂದು ಆ ಮೂಲೆಯನ್ನು ಮಕ್ಕಳಿಗೆ ಬಿಡುತ್ತಿದ್ದಳು. ಯೋಚನೆಗೆ ಬಿದ್ದಾಗೆಲ್ಲ ಮುಷ್ಟಿಯಲ್ಲಿದ್ದ ಹಣ್ಣುಗಳನ್ನು ಕುಲುಕುವಳು. ಆ ಸದ್ದು ನಿಂತರೆ ಯಾರಿಗೋ ಜಾಗ ಸಿಕ್ಕಿತು ಎಂದು ನಮಗೆ ಗೊತ್ತಾಗುತ್ತಿತ್ತು.

ನಾವು ಜೈನರು. ಯಾವ ಕಾಲದಲ್ಲೋ ಗಡಿಯ ಆಚೆಯಿಂದ ಬಂದು ವಯನಾಡಿನಲ್ಲಿ ಬೇರು ಬಿಟ್ಟ ಒಕ್ಕಲು. ಸುತ್ತ ಗುಡ್ಡಗುಡ್ಡವೇ ಶುಂಠಿ ಬೆಳೆಯುವ ಈ ಊರಿನಲ್ಲಿ ನಮ್ಮ ಅಡುಗೆಗೆ ಹಸಿಶುಂಠಿ ಬೀಳುತ್ತಿರಲಿಲ್ಲ. ನೆಲದಡಿ ಬೆಳೆಯುವುದು ಯಾವುದೂ ಇಲ್ಲ. ಈರುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ. ಆದರೂ ಆ ಬಾಳೆಕಾಯಿ ಪಲ್ಯ, ಆ ಬೂದುಗುಂಬಳದ ಮಜ್ಜಿಗೆಹುಳಿ, ಬೆಲ್ಲ ಮತ್ತು ತೆಂಗಿನಹಾಲಿನಲ್ಲಿ ಕುದ್ದು ಕುದ್ದು ಕಂದಿದ ಹೆಸರುಬೇಳೆ ಪಾಯಸ! ಈಗ ನೆನೆದರೂ ಗಂಟಲು ಒದ್ದೆಯಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಹೊತ್ತಿನದು. ಸೂರ್ಯ ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ, ಬಂದವರಿಗೆ ಬಡಿಸುತ್ತಲೂ ಇರಲಿಲ್ಲ. ಬಿಸಿಲು ಮುತ್ತಂಗದ ಕಾಡಿನ ನೆತ್ತಿ ಮುಟ್ಟುವುದರೊಳಗೆ ಕೊನೆಯ ಪಂಕ್ತಿ ಎದ್ದು ಕೈ ತೊಳೆದಿರಬೇಕು. ಅಜ್ಜಿಯ ಲೆಕ್ಕಾಚಾರವೆಲ್ಲ ಅದನ್ನು ಹಿಡಿದೇ ನಡೆಯುತ್ತಿತ್ತು. ನೆರೆಯ ಮಲಯಾಳಿಗಳಿಗೂ ಇದು ಗೊತ್ತಿದ್ದು, ನಮ್ಮ ಮನೆಗೆ ಊಟಕ್ಕೆ ಕರೆದರೆ ಅವರು ಮಧ್ಯಾಹ್ನವೇ ಹಾಜರ್.

ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಅಜ್ಜಿ ಹಲವು ವರ್ಷದಿಂದ ಹಿಡಿದಿದ್ದ ನೋಂಪಿ ಮುಗಿಯಿತು. ವ್ರತ ಮುಗಿಸಿದ ಉದ್ಯಾಪನೆಗೆ ಊರೆಲ್ಲ ಊಟ. ಅಜ್ಜಿ ಎಂದಿನಂತೆ ನೆಲದ ಮೇಲೆ ಹಣ್ಣು ಜೋಡಿಸಿದಳು. ಸಾಲುಗಳೆಲ್ಲ ತುಂಬಿದರೂ ಮುಷ್ಟಿಯ ಸದ್ದು ನಿಲ್ಲಲಿಲ್ಲ. ಅವಳ ಕೈಯಲ್ಲಿ ಇನ್ನೂ ಎರಡು ಹಣ್ಣು ಉಳಿದಿದ್ದವು. ಒಂದು ಅಜಿತ ಚಿಕ್ಕಪ್ಪ, ಅಪ್ಪನ ತಮ್ಮ, ಅಜ್ಜಿಯ ಕೊನೆಯ ಮಗ. ಇನ್ನೊಂದು ಲಿಸಿ, ಮುಳ್ಳನ್‌ಕೊಲ್ಲಿಯ ಕಾಳುಮೆಣಸಿನ ತೋಟದ ಕ್ರಿಶ್ಚಿಯನ್ನರ ಹುಡುಗಿ. ಚಿಕ್ಕಪ್ಪ ಅವಳನ್ನು ಕಟ್ಟಿಕೊಂಡು ಗುಂಡ್ಲುಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟ ಮೇಲೆ ನಮ್ಮ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಅಜ್ಜಿ ನೋಂಪಿ ಹಿಡಿದದ್ದೇ ಆ ವರ್ಷ. ಯಾಕೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಮಗ ಒಂದು ಸಲ ಬಂದು ತನ್ನ ಕೈಯ ಅನ್ನ ಉಣ್ಣಬೇಕು, ಅಷ್ಟೇ ಅವಳ ಆಸೆ ಎಂದು ಮನೆಯ ಬೆಕ್ಕಿಗೂ ಗೊತ್ತಿತ್ತು.

“ಅವ್ರನ್ನ ಎಲ್ಲಿ ಕೂರಿಸ್ತೀಯವ್ವ?” ಎಂದ ಅಪ್ಪ. “ಕಲ್ಪೆಟ್ಟದೋರು ನೋಡಿದ್ರೆ ಎಲೆ ಬಿಟ್ಟು ಎದ್ದೋಯ್ತಾರೆ.”

“ಏಳ್ಲಿ ಬುಡು,” ಎಂದಳು ಅಜ್ಜಿ. ಆದರೆ ಅವಳ ಮುಖ ಸಣ್ಣದಾಯಿತು. ಕಲ್ಪೆಟ್ಟದವರು ಅವಳ ತವರು. ಮರುದಿನ ಸಂಜೆ ನನ್ನ ಕೈಯಿಂದ ಜಗಲಿಯ ಪಕ್ಕದ ತಿಣ್ಣೆಯ ಮೇಲೆ ಆ ಎರಡು ಹಣ್ಣು ಇಡಿಸಿ ಅಪ್ಪನನ್ನು ಕರೆದಳು. “ದೀಪ ಹಚ್ಚಿದ ಮೇಲೆ ಬರಕ್ಕೇಳು. ಅಷ್ಟೊತ್ತಿಗೆ ಎಲ್ಲಾ ಉಂಡಿರ್ತಾರೆ. ಅವ್ನೂ ಅಲ್ಲಿ ಇವೆಲ್ಲ ಬುಟ್ಟಿರ್ತಾನೆ ಕಣೋ, ಹೊತ್ತು ಮುಳುಗೋ ಮುಂಚೆ ಉಣ್ಣಪ್ಪಾ ಅನ್ನಕ್ಕೆ ಅಲ್ಲಿ ಯಾರವ್ರೆ? ನಾನೇ ಬಡಿಸ್ತೀನಿ.” ಅಪ್ಪ ಅವಳನ್ನೇ ನೋಡಿದ. ಆ ಮನೆ ಕಟ್ಟಿದಂದಿನಿಂದ ಕತ್ತಲಲ್ಲಿ ಅಲ್ಲಿ ಎಲೆ ಹಾಕಿರಲಿಲ್ಲ. ನೋಂಪಿ ಮುಗಿಸಿದ ದಿನವೇ ಅಜ್ಜಿ ಮಗನಿಗಾಗಿ ಅದನ್ನು ಮುರಿಯಲು ಹೊರಟಿದ್ದಳು.

ಅಪ್ಪ ಗುಂಡ್ಲುಪೇಟೆ ಸಂತೆಗೆ ಹೋದಾಗ ತಮ್ಮನ ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: ಉದ್ಯಾಪನೆ ಇದೆ, ಅವ್ವ ದೀಪ ಹಚ್ಚಿದ ಮೇಲೆ ಬಾ ಅಂದಳು. ಊಟ ಇಟ್ಟಿರುತ್ತಾಳೆ ಎಂದು ಇನ್ನೊಂದು ಮಾತು ಆಡಿದ್ದರೆ ಬಾಯಿಂದ ಮುತ್ತು ಉದುರಿಹೋಗುತ್ತಿತ್ತೇ? ಅಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಪಾಪ, ಅವನಿಗೆ ಅದು ಹೊಳೆಯಲೇ ಇಲ್ಲ.

ಆ ದಿನದ ಊಟ ಅಜ್ಜಿಯ ಊಟಗಳಲ್ಲೇ ದೊಡ್ಡದು. ಕಣದ ತುಂಬ ಎಲೆ, ಚಪ್ಪರದ ಸಂದಿನಿಂದ ಬಿಸಿಲಿನ ಚುಕ್ಕೆ, ಬಿಸಿ ಅನ್ನ ಬಿದ್ದಾಗ ಬಾಳೆಲೆ ಬಾಡುವ ವಾಸನೆ. ಒಬ್ಬರೂ ಜಾಗ ಹುಡುಕಿ ತಡಕಾಡಲಿಲ್ಲ. ಕಲ್ಪೆಟ್ಟದವರು ಪಾಯಸವನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. ಮನೆಯವರದು ಕೊನೆಯ ಪಂಕ್ತಿ. ಅಜ್ಜಿ ಅದರಲ್ಲೂ ಕೂರಲಿಲ್ಲ. ನೀನು ಉಣ್ಣವ್ವ ಎಂದು ಅಮ್ಮ ಎಷ್ಟು ಹೇಳಿದರೂ, “ಅವ್ನು ಉಣ್ಣೋದ್ನ ನೋಡಿದ್ರೆ ನಂಗೆ ಹೊಟ್ಟೆ ತುಂಬ್ತದೆ, ಹೋಗೇ” ಎಂದಳು. ಹೊತ್ತು ಮುಳುಗಿತು. ನೆಂಟರು ಒಳಗೆ ಮಾತಿಗೆ ಕೂತರು. ಅಜ್ಜಿ ತಿಣ್ಣೆಯ ಮೇಲೆ ದೀಪವಿಟ್ಟು, ಹುಳ ಬೀಳದಂತೆ ಅದಕ್ಕೆ ತೆಳು ಬಟ್ಟೆಯ ಮರೆ ಕಟ್ಟಿ, ಎರಡು ಎಲೆ ಹಾಕಿದಳು.

ಅವರು ಬಂದರು. ಚಿಕ್ಕಪ್ಪ ತೆಳ್ಳಗಾಗಿದ್ದ. ಅಜ್ಜಿಯ ಕಾಲಿಗೆ ಬಿದ್ದ, ಅವಳು ತಲೆ ಸವರಿದಳು, ಇಬ್ಬರೂ ಅತ್ತರು. ಆಮೇಲೆ ಅಜ್ಜಿ ಕಣ್ಣೊರೆಸಿಕೊಂಡು ಅವನ ಕೈ ಹಿಡಿದು ತಿಣ್ಣೆಗೆ ಕರೆದುಕೊಂಡು ಹೋದಳು. “ಕೂತ್ಕೋ ಮಗ.”

ಚಿಕ್ಕಪ್ಪ ಎಲೆ ನೋಡಿದ, ದೀಪ ನೋಡಿದ. “ಅವ್ವಾ, ಕತ್ಲಾದ್ ಮೇಲೆ ನಾನು ಉಣ್ಣಲ್ವಲ್ಲ. ಅದನ್ನ ಯಾವತ್ತೂ ಬುಟ್ಟಿಲ್ಲ ನಾನು,” ಎಂದ. “ದೀಪ ಹಚ್ಚಿದ ಮೇಲೆ ಬಾ ಅಂದ್ಯಂತೆ. ಊಟಕ್ಕೆ ಕರೀಲಿಲ್ಲ, ಮುಖ ನೋಡಕ್ಕೆ ಕರುದ್ಲು ಅಂದ್ಕಂಡೆ. ಅಷ್ಟಾದ್ರೂ ಆಯ್ತಲ್ಲಾಂತ... ಬಸ್‌ಸ್ಟ್ಯಾಂಡಲ್ಲಿ ಬಾಳೆಹಣ್ಣು ತಿನ್ಕಂಡ್ ಬಂದ್ವಿ.”

ಅಯ್ಯೋ ದೇವರೇ! ಹೆತ್ತ ತಾಯಿಯ ಮನೆಯಲ್ಲಿ ಊರಿಗೆಲ್ಲ ಊಟ, ಮಗ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಾಳೆಹಣ್ಣು ತಿಂದಿದ್ದ. ಅಜ್ಜಿ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಇಳಿಸಿದಳು. ಒಂದು ತುತ್ತು ತಿನ್ನು ಎಂದು ಅವಳು ಹೇಳಬಹುದಿತ್ತು, ಹೇಳಿದ್ದರೆ ಅವನು ತಿನ್ನುತ್ತಿದ್ದನೋ ಏನೋ. ಆದರೆ ತಾನೇ ಕಲಿಸಿದ್ದನ್ನು ಅಷ್ಟು ದೂರದಲ್ಲಿ ಒಬ್ಬನೇ ಉಳಿಸಿಕೊಂಡವನಿಗೆ ಯಾವ ಬಾಯಲ್ಲಿ ಹೇಳುತ್ತಾಳೆ?

ಆಗ ಲಿಸಿ ಸೆರಗು ಸಿಕ್ಕಿಸಿಕೊಂಡು ಒಂದು ಎಲೆಯ ಮುಂದೆ ಕೂತಳು. “ಎನಿಕ್ಕ್ ವಿಶಕ್ಕುನ್ನು ಅಮ್ಮಚ್ಚೀ,” ಎಂದಳು. ಹಸಿವಾಗ್ತಿದೆ ಎಂದು. “ನಂಗೆ ಹಾಕಿ. ಇಬ್ಬರದೂ ನಾನೇ ತಿಂತೀನಿ.” ಅಜ್ಜಿ ಬಡಿಸಿದಳು. ಉಪ್ಪಿನಿಂದ ಶುರುಮಾಡಿ ಪಾಯಸದವರೆಗೆ, ತಪ್ಪದೆ, ಆ ಉದ್ದ ತಿಣ್ಣೆಯಲ್ಲಿ ಒಬ್ಬಳೇ ಕೂತ ಸೊಸೆಗೆ. ಲಿಸಿ ಕಣ್ಣೀರು ಸುರಿಸಿಕೊಂಡೇ ಎಲೆಯಲ್ಲಿ ಒಂದು ಅಗುಳೂ ಉಳಿಯದಂತೆ ಉಂಡಳು. ಉಣ್ಣದ ತಾಯಿ, ಉಣ್ಣದ ಮಗ ಅಕ್ಕಪಕ್ಕ ನಿಂತು ನೋಡುತ್ತಿದ್ದರು.

ಅವರಿಗೆ ಉಳಿಯಿರಿ ಎನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ. ಒಳಗೆ ಕಲ್ಪೆಟ್ಟದವರು ಹಾಸಿಗೆ ಬಿಡಿಸುತ್ತಿದ್ದರು. ಮುಳ್ಳನ್‌ಕೊಲ್ಲಿಗೆ ಹೋಗುತ್ತೇವೆ ಎಂದು ಹೊರಟರು. ಅಜ್ಜಿ ರಸ್ತೆಯವರೆಗೂ ಹೋಗಿ ಜೀಪಿನ ಸರಳು ಹಿಡಿದುಕೊಂಡು ಹೇಳಿದಳು: “ಕಾಫಿ ಕೊಯ್ದು ಮುಗಿಸ್ತೀವಿ, ಆಗ ಬಾ. ನಡುಮಧ್ಯಾಹ್ನ ಬಾ. ಯಾರೇನಾದ್ರೂ ಅಂದ್ಕಳ್ಳಿ, ನನ್ನ ಪಕ್ಕದಲ್ಲೇ ಕೂರಿಸ್ಕತೀನಿ ಇಬ್ಬರ್ನೂ.”

ಆ ಮನೆ ಈಗಿಲ್ಲ. ಪಾಲಾಯಿತು, ಕೆಡವಿದರು, ಕಣದ ಮೇಲೆ ಯಾರದೋ ಗೋಡೌನು ಬಂದಿದೆ. ನಿಮ್ಮದೂ ಒಂದು ಇಂಥ ಮನೆ ಎಲ್ಲೋ ಕೆಡವಿಹೋಗಿರುತ್ತದೆ, ಹೆಚ್ಚು ಹೇಳುವುದು ಬೇಡ. ಆದರೆ ಕೊಯ್ಲಿನ ಆ ದಿನ ಒಂದನ್ನು ಹೇಳಬೇಕು. ಕಾಫಿ ಇನ್ನೂ ಅರ್ಧ ಗಿಡದಲ್ಲೇ ಇತ್ತು. ಚಿಕ್ಕಪ್ಪನೂ ಲಿಸಿ ಚಿಕ್ಕಮ್ಮನೂ ನಡುಮಧ್ಯಾಹ್ನವೇ ಬಂದರು. ಕಲ್ಪೆಟ್ಟದವರೂ ಇದ್ದರು, ಯಾರೂ ಏನೂ ಅನ್ನಲಿಲ್ಲ, ಸರಿದು ಜಾಗ ಬಿಟ್ಟರು. ಇಬ್ಬರೂ ಅಜ್ಜಿಯ ಪಕ್ಕದಲ್ಲೇ ಕೂತರು. ಕಣದ ತುಂಬ ಬಿಸಿಲಿತ್ತು. ಅಜ್ಜಿಯ ದೇಹ ಎತ್ತುವವರೆಗೂ ಒಲೆ ಹಚ್ಚುವಂತಿರಲಿಲ್ಲ, ಎತ್ತುವ ಹೊತ್ತಿಗೆ ಸಂಜೆಯಾಗಿತ್ತು.