ಎಡಗಡೆ ಬಾಗಿಲಿನ ಸ್ಪೀಕರು

ಆಗೆಲ್ಲ ಗಾಡಿ ಅಂದಮೇಲೆ ಅದರೊಳಗೆ ಟೇಪು ಹಾಡಲೇಬೇಕಿತ್ತು. ಬ್ರೇಕು ಸರಿಯಾಗಿ ಹಿಡಿಯದಿದ್ದರೆ ನಾಳೆ ನೋಡೋಣ ಎನ್ನುತ್ತಿದ್ದ ಮಹಾನುಭಾವರು, ಸ್ಪೀಕರು ಗೊರಗುಟ್ಟಿತೋ, ಉಂಡ ಕೈ ಒಣಗುವ ಮೊದಲೇ ಅಪ್ಪನ ಅಂಗಡಿ ಮುಂದೆ ಹಾಜರು. ಹಿರಿಯೂರಿನ ಹೈವೇ ಪಕ್ಕ, ಗಾಡಿಗಳಿಗೆ ಟೇಪು, ಸೀಟು ಕವರು ಹಾಕುವ ಚಿಕ್ಕ ಅಂಗಡಿ ಅದು. ಒಳಗೆ ಸೋಲ್ಡರಿನ ಹೊಗೆ, ಹೊಸ ರೆಕ್ಸಿನ್ನಿನ ವಾಸನೆ. ಸಂಜೆಯಾದರೆ ಪಕ್ಕದ ತಳ್ಳುಗಾಡಿಯಿಂದ ಮೆಣಸಿನಕಾಯಿ ಕರಿಯುವ ಘಾಟು, ಅದರ ಜೊತೆಗೊಂದು ಪೊಟ್ಟಣ ಮಂಡಕ್ಕಿ. ನನಗೆ ಅದಕ್ಕಿಂತ ಒಳ್ಳೆಯ ಜಾಗ ಭೂಮಿ ಮೇಲೆ ಇರಲಿಲ್ಲ.

ದಸರಾ ರಜೆಯಲ್ಲಿ ಓಣಿಯ ಹುಡುಗಿಯರೆಲ್ಲ ಕುಂಟೆಬಿಲ್ಲೆ ಆಡುತ್ತಿದ್ದರೆ ನನ್ನ ಆಟವೇ ಬೇರೆ. ಪೆನ್ಸಿಲ್ ಸೆಲ್ಲಿನ ಎರಡು ತುದಿಗೆ ಸ್ಪೀಕರಿನ ವೈರು ತಾಗಿಸಿದರೆ ಅದು ಟಕ್ ಎನ್ನುತ್ತದೆ. ಟಕ್ ಎಂದರೆ ಜೀವ ಇದೆ, ಇಲ್ಲದಿದ್ದರೆ ಸತ್ತಿದೆ. ಇದನ್ನು ಕಲಿಸಿದ್ದು ಅಪ್ಪನೇ. ಅಣ್ಣ ಮಂಜನಿಗೂ ಕಲಿಸಲು ನೋಡಿದ. ಅವನೋ, ಬೆಳಗಾದರೆ ಬ್ಯಾಟು ಹಿಡಿದು ವೇದಾವತಿಯ ದಂಡೆಗೆ ಹೋದರೆ ಹೊಟ್ಟೆ ಹಸಿಯುವವರೆಗೂ ಇತ್ತ ತಲೆ ಹಾಕುತ್ತಿರಲಿಲ್ಲ.

"ಹತ್ತನೇ ಕ್ಲಾಸು ಮುಗೀಲಿ ಸುಮಿ, ಈ ಬೆಂಚು ನಿಂದೇ," ಎನ್ನುತ್ತಿದ್ದ ಅಪ್ಪ. ಒಂಬತ್ತನೇ ಕ್ಲಾಸಿನ ನಾನು ಅದನ್ನು ಪೂರ್ತಿ ನಂಬಿದ್ದೆ.

ಆ ವರ್ಷ ಆಯುಧಪೂಜೆ ಕಳೆದ ಮೇಲೆ ಮತ್ತೋಡಿನ ಶಿವಣ್ಣ ವ್ಯಾನು ತಂದು ನಿಲ್ಲಿಸಿದವನೇ ರಸ್ತೆಗೆಲ್ಲ ಕೇಳುವಂತೆ ಕೂಗಾಡಿದ.

"ಏನಪ್ಪ, ಹೊಸಾ ಸೆಟ್ಟು ಅಂತ ಹಾಕ್ದೆ, ಎಡಗಡೆ ಆಗ್ಲೇ ಮೂಕಾಗೈತೆ! ಗಾಡಿ ಕುಣಿದ್ರೆ ಹಾಡ್ತೈತೆ, ಸುಮ್ಕೆ ಹೋದ್ರೆ ನಿಲ್ತೈತೆ. ಹಳೇ ಮಾಲು ಕೊಟ್ಯಾ ಹೆಂಗೆ?"

ಅಪ್ಪನ ಮುಖ ಸಣ್ಣದಾಯಿತು. "ಟೀ ಕುಡ್ಕಂಡು ಬರ್ರಿ ಶಿವಣ್ಣ, ಅಷ್ಟ್ರೊಳಗೆ ನೋಡಿರ್ತೀನಿ," ಎಂದು ಅವನನ್ನು ಹೋಟೆಲಿಗೆ ಕಳಿಸಿದ.

ಸೆಟ್ಟಿನ ಹಿಂದೆ ಎಡಬಲದ ವೈರು ಅದಲು ಬದಲು ಮಾಡಿದೆವು. ಆಗಲೂ ಎಡ ಬಾಗಿಲೇ ಮೂಕ. ಹಾಗಾದರೆ ಸೆಟ್ಟು ಸರಿಯಿದೆ. ಬಾಗಿಲಿನ ಸ್ಪೀಕರು ಬಿಚ್ಚಿ ಸೆಲ್ಲು ತಾಗಿಸಿದೆ. ಟಕ್ ಎಂದಿತು. ಅದೂ ಸರಿಯಿದೆ. "ವೈರೇ ಹೋಗೈತೆ, ಎಲ್ಲಾ ಕಿತ್ತು ಹೊಸದು ಎಳೀಬೇಕು," ಎಂದು ಗೊಣಗುತ್ತ ಅಪ್ಪ ಒಳಗೆ ವೈರಿನ ಸುರುಳಿ ಹುಡುಕಲು ಹೋದ.

ನಾನು ಸುಮ್ಮನಿರಬೇಕಲ್ಲ! ಕರೆಂಟು ಹರಿಯುವ ದಾರಿ ಸಿಕ್ಕರೆ ಕೂಗುವ ಮೀಟರಿನ ಒಂದು ಕಡ್ಡಿ ವೈರಿಗೆ, ಇನ್ನೊಂದು ಬಾಡಿಯ ಕಬ್ಬಿಣಕ್ಕೆ ಹಿಡಿದೆ. ಮೀಟರು ಕುಂಯ್ ಎಂದು ಕೂಗಿತು, ಬಾಗಿಲಿಗೆ ಗುದ್ದಿದರೆ ಕೂಗು ತಡೆದು ಮತ್ತೆ ಬಂತು. ವೈರು ಒಳಗೆಲ್ಲೋ ತಗಡಿಗೆ ತಾಗುತ್ತಿದೆ. ಬಾಗಿಲು ಸವರುತ್ತ ಬಂದರೆ ಒಣಗಿದ ಬಾಳೆನಾರಿನ ಗಂಟು, ಅದರಡಿ ಹೊಚ್ಚಹೊಸ ಸ್ಕ್ರೂ! ನಮ್ಮ ಕಡೆ ಆಯುಧಪೂಜೆಗೆ ಗಾಡಿಯ ಎರಡೂ ಮಗ್ಗುಲಿಗೆ ಬಾಳೆಕಂದು ಕಟ್ಟದಿದ್ದರೆ ಪೂಜೆಯೇ ಆಗದು. ಕಂದು ಜಾರದಿರಲಿ ಎಂದು ಯಾರೋ ಪುಣ್ಯಾತ್ಮ ಬಾಗಿಲಿಗೇ ಸ್ಕ್ರೂ ತಿರುಗಿಸಿದ್ದ. ಅದರ ಮೊನೆ ಒಳಗಿನ ವೈರಿಗೆ ಚುಚ್ಚಿಕೊಂಡಿತ್ತು. ಸ್ಕ್ರೂ ತೆಗೆದು, ಬಾಗಿಲಿನ ಒಳಗೆ ಕೈ ತೂರಿಸಿ ವೈರಿಗೆ ಇನ್ಸುಲೇಶನ್ ಟೇಪು ಸುತ್ತಿ, ಸ್ಪೀಕರು ಮತ್ತೆ ಜೋಡಿಸಿ, ಸೆಟ್ಟು ಹಾಕಿದೆ. ಎರಡೂ ಕಡೆ ಹಾಡು ಭೋರೆಂದಿತು.

ಅಪ್ಪ ಓಡಿ ಬಂದ. "ಭೇಷ್ ಸುಮಿ! ನನ್ ಕಣ್ಣಿಗೇ ಬೀಳ್ಲಿಲ್ಲ ನೋಡು," ಎಂದು ಬೆನ್ನು ತಟ್ಟಿದ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಶಿವಣ್ಣ ಬಂದು ಕೇಳಿ ಹಿಗ್ಗಿದ. "ಅಬ್ಬಬ್ಬಾ, ಯಾರಪ್ಪ ಹುಡುಕಿದ್ದು ಇದನ್ನ?"

ನಾನು ಲಂಗಕ್ಕೆ ಕೈ ಒರೆಸಿಕೊಂಡು ನೆಟ್ಟಗೆ ನಿಂತೆ. ಅಪ್ಪ ನನ್ನ ಕಡೆ ನೋಡಲಿಲ್ಲ.

"ನಮ್ ಮಂಜ. ಈಗಿನ್ನೂ ಹೊರಗೆ ಹೋದ."

"ಮಗ ಅಂದ್ರೆ ಹಂಗಿರ್ಬೇಕು ನೋಡು! ಇನ್ಮ್ಯಾಕೆ ನಮ್ಮೂರ ಗಾಡಿ ಎಲ್ಲಾ ಅವನ ಕೈಗೇ." ಆಮೇಲೆ ನನ್ನ ಕಡೆ ತಿರುಗಿದ. "ಏನವ್ವ, ಅಪ್ಪಂಗೆ ಊಟ ತಂದಿದ್ಯಾ?"

ಅವನು ಹೋದ ಮೇಲೆ ನಾನು ಸಿಡಿದೆ. "ಯಾಕಪ್ಪ ಸುಳ್ಳು ಹೇಳ್ದೆ?"

"ಹೆಣ್ಣುಹುಡುಗಿ ಕೈಯಾಡ್ಸೈತೆ ಅಂದ್ರೆ ಯಾವನು ಗಾಡಿ ತರ್ತಾನೆ? ದೊಡ್ಡೋಳಾದೆ. ನಾಳೆಯಿಂದ ಅಂಗಡಿಗೆ ಬರಬ್ಯಾಡ."

ರಾತ್ರಿ ಊಟಕ್ಕೆ ಮುದ್ದೆ ಕಟ್ಟುತ್ತ ಅಮ್ಮ ಅಂದಳು, "ಅಣ್ಣಂಗೆ ಹೆಸರು ಬಂದ್ರೆ ನಿನಗೇನು ಕಳೀತು?" ನಾನು ಉಣ್ಣದೆ, ಅಳುತ್ತ ಹೋಗಿ ಮಲಗಿಬಿಟ್ಟೆ. ಮಾರನೇ ದಿನ ಮಂಜನ ಬ್ಯಾಟು ಕಸಿದಿಟ್ಟು ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಬೇಡವೆಂದವನಿಗೆ ಬಲವಂತ, ಬೇಕೆಂದವಳಿಗೆ ಬಾಗಿಲು ಬಂದ್.

ಈಗ ನಾನು ಹೊಸದುರ್ಗದಲ್ಲಿದ್ದೇನೆ, ಸಂಸಾರ, ಸಂಬಳದ ಕೆಲಸ ಎರಡೂ ಇವೆ. ಆದರೆ ಮೂಕಾದದ್ದನ್ನು ನನ್ನ ಕೈಯಾರೆ ಹಾಡಿಸಿದ ಆ ಖುಷಿ ಆಮೇಲೆ ಯಾವ ಕೆಲಸದಲ್ಲೂ ಸಿಗಲಿಲ್ಲ. ಅಪ್ಪನ ಮೇಲಿನ ಸಿಟ್ಟೂ ಹೋಗಲಿಲ್ಲ, ಹೋಗಬೇಕೆಂದು ನನಗೇನೂ ಆಸೆಯಿಲ್ಲ.

ಹೋದ ಹಬ್ಬಕ್ಕೆ ತವರಿಗೆ ಹೋಗಿದ್ದೆ. ಮಂಜ ತನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮತ್ತೋಡಿನ ವ್ಯಾನಿನ ಕಥೆ ಹೇಳುತ್ತಿದ್ದ. ಬಾಗಿಲು ಗುದ್ದಿದ್ದು, ಮೀಟರು ಕೂಗಿದ್ದು, ಒಳಗೆ ಕೈ ತೂರಿಸಿದ್ದು, ಒಂದೂ ಬಿಡದೆ. ಪಕ್ಕದಲ್ಲಿ ಕೂತ ಅಪ್ಪ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಅವತ್ತು ಅಂಗಡಿಯಾಗೆ ಯಾರ್ ಇದ್ದದ್ದು, ಸರಿಯಾಗಿ ನೆನಪು ಮಾಡ್ಕ," ಎಂದೆ.

ಮಂಜ ನಿಜವಾಗಿಯೂ ಯೋಚಿಸಿದ. ಅವನ ಮುಖದಲ್ಲಿ ಒಂದಿಷ್ಟೂ ಕಳ್ಳತನವಿರಲಿಲ್ಲ.

"ನಾನು, ಅಪ್ಪ," ಎಂದ. "ನೀನೂ ಬಂದಿದ್ದೆ ಅಲ್ವೇನೇ, ಊಟ ತಗಂಡು?"