ಬೆಳಗಿನ ಮೈಬಿಸಿ

ಮದುವೆಯಾಗಿ ವರ್ಷಗಳು ಉರುಳಿದರೂ ನನ್ನ ಮಡಿಲು ತುಂಬಲಿಲ್ಲ. ನಾಗರಕಲ್ಲಿಗೆ ಹಾಲೆರೆದದ್ದಾಯಿತು, ಅಶ್ವತ್ಥಕಟ್ಟೆ ಸುತ್ತಿದ್ದಾಯಿತು, ಯಾರು ಯಾವ ಬೇರು ಅರೆದುಕೊಟ್ಟರೂ ಕಣ್ಣುಮುಚ್ಚಿ ನುಂಗಿದ್ದಾಯಿತು. ಆಗ ನನಗೆ ಇಪ್ಪತ್ತೈದು ದಾಟಿತ್ತು. ನಮ್ಮ ಮನೆಯವರು ಬಳ್ಳಾರಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಕೋಟೆಗುಡ್ಡದ ಕೆಳಗಿನ ಓಣಿಯಲ್ಲಿ ಮಣ್ಣಿನ ಮಾಳಿಗೆಯ ಮನೆ. ಮಾವನವರು ನಾನು ಆ ಮನೆ ಹೊಗುವ ಮೊದಲೇ ತೀರಿಕೊಂಡಿದ್ದರು. ಅತ್ತೆ, ಅವರು, ನಾನು ಮೂವರೇ. ನಾಮದ ಮನೆತನ, ಅಂಗಳದಲ್ಲಿ ತುಳಸಿ, ಏಕಾದಶಿಗೆ ಉಪವಾಸ, ತಿಂಗಳಿಗೆ ಮೂರು ದಿನ ನಾನು ಹಿತ್ತಲ ಪಡಸಾಲೆಯಲ್ಲಿ.

ದಂಡಿನ ಕಡೆ ಹೆಂಗಸರಿಗೆಂದೇ ಒಂದು ದವಾಖಾನೆ ಶುರುವಾಗಿತ್ತು. ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋಗುವುದಾಗಿ ಅವರು ಹೇಳಿದಾಗ ಅತ್ತೆ ಬೇಡವೆನ್ನಲಿಲ್ಲ. "ಹೋಗಿ ಬರ್ರಿ. ಬಂದ ಮ್ಯಾಲೆ ಇಬ್ಬರೂ ಸ್ನಾನ ಮಾಡಿ ಒಳಗ ಬರ್ರಿ" ಎಂದಷ್ಟೇ ಹೇಳಿದರು. ಮೊಮ್ಮಗುವಿನ ಆಸೆ ಅವರ ಮಡಿಯನ್ನೂ ಅಷ್ಟು ಸಡಿಲಿಸಿತ್ತು.

ಡಾಕ್ಟರು ಬಿಳಿಯ ದೊರೆಸಾನಿ. ನನ್ನ ತಾಯಿಯ ವಯಸ್ಸಿರಬಹುದು. ಪುಸ್ತಕದಿಂದ ಕಲಿತ ಕನ್ನಡ, ನಡುನಡುವೆ ತೆಲುಗು. ನನ್ನನ್ನು ಪರೀಕ್ಷಿಸಿ, ಕೈ ತೊಳೆದುಕೊಂಡು ಬಂದು, ಒಂದು ತೆಳ್ಳಗಿನ ಗಾಜಿನ ಕಡ್ಡಿ ತೋರಿಸಿದರು. ಅದರ ಹೊಟ್ಟೆಯಲ್ಲಿ ಪಾದರಸ.

"ಇದನ್ನು ಪ್ರತಿದಿನ ಮುಂಜಾನೆ ಏಳುವ ಮುಂಚೆ ನಾಲಗೆಯ ಕೆಳಗೆ ಇಡಬೇಕು, ಅಮ್ಮಾ. ತಿಂಗಳ ಮೊದಲಲ್ಲಿ ಶರೀರದ ಉಷ್ಣ ಕಡಿಮೆ ಇರುವುದು. ನಡುವಿನಲ್ಲಿ ಕೊಂಚ ಏರುವುದು. ನೀವು ಹೊರಗೆ ಕೂಡುವ ಮುಂಚೆ ಪುನಃ ಇಳಿಯುವುದು. ಕೆಲವು ಸ್ತ್ರೀಯರಲ್ಲಿ ಹೀಗೆ ಕಂಡಿದ್ದಾರೆ. ಏಕೆಂದು ಯಾರಿಗೂ ಸರಿಯಾಗಿ ತಿಳಿಯದು. ಏರಿಳಿತ ಕ್ರಮವಾಗಿದ್ದರೆ ನಿಮ್ಮಲ್ಲಿ ಬೀಜ ಪಕ್ವವಾಗುತ್ತಿದೆ ಎಂದು ನಾನು ಊಹಿಸುವೆನು. ಅರ್ಥಮಯಿಂದಾ?"

ನನಗೆ ಅರ್ಧ ಅರ್ಥವಾಗಿತ್ತು. ಉಳಿದರ್ಧವನ್ನು ಮನೆಗೆ ಬರುವ ದಾರಿಯಲ್ಲಿ ನಮ್ಮ ಮನೆಯವರು ಬಿಡಿಸಿ ಹೇಳಿದರು. ಚೌಕಳಿ ಎಳೆದ ಕಾಗದವೊಂದನ್ನು ಡಾಕ್ಟರು ಅವರ ಕೈಗೆ ಕೊಟ್ಟಿದ್ದರು. ದಿನಕ್ಕೊಂದು ಚುಕ್ಕಿ ಇಡಬೇಕಿತ್ತು.

ಹೇಳಿದಷ್ಟು ಸುಲಭವಿರಲಿಲ್ಲ ಅದು. ಕಡ್ಡಿ ಬಾಯಲ್ಲಿರುವಾಗ ಏಳಬಾರದು, ನೀರು ಕುಡಿಯಬಾರದು, ಮಾತಾಡಬಾರದು. ಕೆಳಗಿನಿಂದ ಅತ್ತೆ ಕೂಗುತ್ತಿದ್ದರು, ನಾನು ಓಗೊಡುವಂತಿರಲಿಲ್ಲ. "ಕಿವಿ ಕೇಳಸ್ತೈತೋ ಇಲ್ಲೋ ಇಕಿಗೆ" ಎಂದು ಅವರು ಗೊಣಗುವುದನ್ನು ಕೇಳುತ್ತ ಮಲಗಿರುತ್ತಿದ್ದೆ. ಬೇಸಿಗೆಯಲ್ಲಂತೂ ಬೇರೆಯೇ ಫಜೀತಿ. ಬಳ್ಳಾರಿಯ ಬಿಸಿಲಿಗೆ ಪಾದರಸ ತಾನಾಗಿಯೇ ಮೇಲೇರಿ ಕೂತುಬಿಡುತ್ತಿತ್ತು. ಎಷ್ಟು ಜಾಡಿಸಿದರೂ ಇಳಿಯುತ್ತಿರಲಿಲ್ಲ. ಆಮೇಲೆ ನಮ್ಮ ಮನೆಯವರು ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ನೀರಿನ ಹೂಜಿಗೆ ಆನಿಸಿ ಇಡುವ ಉಪಾಯ ಕಂಡುಕೊಂಡರು.

ನಾನು ಹೊರಗೆ ಕೂತ ದಿನಗಳಲ್ಲೂ ಅವರು ತಪ್ಪಿಸಲಿಲ್ಲ. ನಾನು ಮುಟ್ಟಿದ್ದನ್ನು ಅವರು ಮುಟ್ಟುವಂತಿರಲಿಲ್ಲ. ಕಡ್ಡಿಯನ್ನು ಪಡಸಾಲೆಯ ಕಲ್ಲಿನ ಮೇಲೆ ಇಟ್ಟು ನಾನು ಹಿಂದೆ ಸರಿಯುತ್ತಿದ್ದೆ. ಅವರು ಪಂಚೆ ಎತ್ತಿ ಕಟ್ಟಿಕೊಂಡು, ಕುಕ್ಕರಗಾಲಲ್ಲಿ ಕೂತು, ಮೂಗು ತಾಗುವಷ್ಟು ಬಗ್ಗಿ ಓದುತ್ತಿದ್ದರು. ಉಳಿದ ದಿನಗಳಲ್ಲಿ ಇಬ್ಬರೂ ಮಾಳಿಗೆಯ ಕಿಂಡಿಯ ಬೆಳಕಿಗೆ ಕಡ್ಡಿ ಹಿಡಿದು ನೋಡುತ್ತಿದ್ದೆವು. ಇಂಗ್ಲಿಷ್ ಅಂಕಿಗಳನ್ನು ನಾನು ಕಲಿತದ್ದು ಹಾಗೆ. ಒಂದು ಬೆಳಿಗ್ಗೆ ಅವರು, "ಏರೈತಿ ನೋಡು, ಇವತ್ತು ಏರೈತಿ" ಎಂದು ನನ್ನ ಭುಜ ಹಿಡಿದರು. ಹಗಲಿನಲ್ಲಿ ಅವರು ನನ್ನನ್ನು ಹಾಗೆ ಮುಟ್ಟಿದ್ದು ಅದೇ ಮೊದಲು. ಆ ಕೆಲವು ತಿಂಗಳು ನಾವು ಗಂಡ ಹೆಂಡತಿಯಾಗಿ ಬಾಳಿದಷ್ಟು ಮತ್ತೆಂದೂ ಬಾಳಲಿಲ್ಲ.

ಚುಕ್ಕಿಗಳ ಕಾಗದ ನೋಡಿದ ಡಾಕ್ಟರ ಮುಖ ಅರಳಿತು. ಪ್ರತಿ ತಿಂಗಳೂ ಒಂದೇ ರೀತಿ: ತಗ್ಗಿನಲ್ಲಿ ನಡೆದು, ಮೆಟ್ಟಿಲೇರಿದಂತೆ ಏರಿ, ಕೊನೆಗೆ ಇಳಿದಿತ್ತು.

"ನಿಮ್ಮಲ್ಲಿ ನನಗೆ ದೋಷ ಕಾಣುವುದಿಲ್ಲ, ಅಮ್ಮಾ" ಎಂದರು. ಆಮೇಲೆ ಕಾಗದ ಮಡಿಸಿಟ್ಟು, "ನಿಮ್ಮ ಯಜಮಾನರನ್ನೂ ಪರೀಕ್ಷಿಸಬೇಕು" ಎಂದರು.

ಗಂಡಸಿಗೆ ಪರೀಕ್ಷೆ ಎಂಬುದನ್ನು ನಾನು ಕೇಳಿಯೇ ಇರಲಿಲ್ಲ. ಅವರಿಗೆ ಹೇಗೆ ಹೇಳುವುದೆಂದು ಅಂಜುತ್ತಲೇ ಹೇಳಿದೆ. ಅವರು ಬೇಸರಿಸಲಿಲ್ಲ. "ನೀನು ಇಷ್ಟು ದಿನ ಮಾಡೀದಿ. ನಾನೂ ತೋರಸ್ತೀನಿ" ಎಂದು ದೊರೆಸಾನಿಯ ಚೀಟಿ ಹಿಡಿದು ಗಂಡಸರ ಡಾಕ್ಟರ ಬಳಿಗೆ ಹೋದರು. ಅಲ್ಲಿ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರಂತೆ.

ಅವತ್ತು ಸಂಜೆ ಅವರು ಮನೆಗೆ ಬಂದವರು ಕೋಟಿನ ಗುಂಡಿಯನ್ನೂ ಬಿಚ್ಚದೆ ಮಾಳಿಗೆ ಹತ್ತಿದರು. ನಾನು ಹಿಂದೆಯೇ ಹೋದೆ. ಗುಡ್ಡದ ಬಂಡೆಗಳ ಕಡೆ ಮುಖ ಮಾಡಿ ನಿಂತಿದ್ದರು.

"ಸಾಲಿ ಕಡೀ ವರ್ಷ ನನಗ ಮಂಗನಬಾವು ಬಂದಿತ್ತು" ಎಂದರು. "ಗಲ್ಲದ ಬಾವು ಕೆಳಗೂ ಇಳದಿತ್ತು. ಅದರಿಂದಾನ ಅಂತಾರ. ಬೀಜದಾಗ ಜೀವಾನ ಇಲ್ಲಂತ."

ಇಷ್ಟು ವರ್ಷ ಬಂಜೆ ಎನ್ನಿಸಿಕೊಂಡ ನನ್ನ ಮೈಯಲ್ಲಿ ಏನೂ ಕುಂದಿಲ್ಲವೆಂದು ತಿಳಿದಿತ್ತು. ಆದರೂ ಅವರ ಬೆನ್ನು ನೋಡುತ್ತ ನನಗೆ ಅಳು ಬಂತು.

"ಅವ್ವಗ ಹೇಳಬ್ಯಾಡ" ಎಂದರು ಅವರು, ತಿರುಗದೆಯೇ.

ಮಾರನೆಯ ಬೆಳಿಗ್ಗೆ ಕಿಂಡಿಯ ಬಳಿ ಅವರು ಬರಲಿಲ್ಲ. ನಾನೊಬ್ಬಳೇ ಕಡ್ಡಿ ನೋಡಿದೆ. ಇನ್ನೆರಡು ದಿನ ನೋಡಿ, ಒರೆಸಿ, ಡಬ್ಬಿಯಲ್ಲಿಟ್ಟೆ.

ಮುಂದಿನ ಮಾಘದೊಳಗೆ ಅತ್ತೆ ಇನ್ನೊಂದು ಸಂಬಂಧ ನೋಡಿದ್ದರು. ಹುಡುಗಿ ಕುರುಗೋಡಿನವಳು. ತಾಯಿತಂದೆ ಇಲ್ಲ, ಅಜ್ಜಿ ಸಾಕಿದ್ದಳು. ಮೂಲಾ ನಕ್ಷತ್ರದವಳು. ಅಂಥವಳು ಮಾವನಿಗೆ ಕಂಟಕ ಎನ್ನುತ್ತಾರೆ. ಹಾಗಾಗಿ ಇಪ್ಪತ್ತು ವರ್ಷವಾದರೂ ಯಾರೂ ಕೈಹಿಡಿದಿರಲಿಲ್ಲ. ನಮ್ಮ ಮನೆಯಲ್ಲಿ ಮಾವನೇ ಇರಲಿಲ್ಲ. ಅತ್ತೆ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ತಲೆ ಸವರಿದರು. "ನಿನ್ನ ಮ್ಯಾಲೆ ಸಿಟ್ಟಿಲ್ಲವ್ವಾ. ನೀನು ಹಿರೇಕಿ ಆಗಿ ಇರತಿ. ಮನಿ ದೀಪ ಆರಬಾರದಲ್ಲ" ಎಂದು ತಾವೇ ಕಣ್ಣೊರೆಸಿಕೊಂಡರು. ಅವರನ್ನು ದ್ವೇಷಿಸುವುದೂ ನನಗೆ ಆಗಲಿಲ್ಲ.

ನಮ್ಮ ಮನೆಯವರು ಬೇಡವೆನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಕೊನೆಗೆ ನಾನೇ ಕೇಳಿದೆ, "ಆ ಹುಡುಗಿ ಏನು ಮಾಡ್ಯಾಳ್ರಿ?"

"ಡಾಕ್ಟರ್ ಮಾತು ಎಲ್ಲಾ ಖರೇನ ಆಗಬೇಕಂತೈತೇನು?" ಎಂದರು. ಆ ಧ್ವನಿಯಲ್ಲಿ ಮೋಸವಿರಲಿಲ್ಲ, ಆಸೆಯಿತ್ತು.

ಲಗ್ನ ಮುಗಿಯುವವರೆಗೆ ನಾನು ತವರಿನಲ್ಲಿರುವುದೆಂದು ಮಾತಾಯಿತು. ಸಿರುಗುಪ್ಪದಿಂದ ಅಣ್ಣ ಗಾಡಿ ಕಟ್ಟಿಕೊಂಡು ಬಂದ. ಊರ ಹೊರಗೆ ಬರುತ್ತಲೇ, ಗಾಡಿಯನ್ನು ಕುರುಗೋಡಿನ ಹಾದಿಗೆ ಹೊರಳಿಸು ಎಂದೆ.

"ಅಲ್ಲೇನೈತಿ? ಸುತ್ತಾಗ್ತೈತಿ" ಎಂದ ಅಣ್ಣ. ಇರುವ ವಿಷಯ ಅವನಿಗೆ ಹೇಳಿದೆ. ಅವನು ಗಾಡಿ ನಿಲ್ಲಿಸಿದ. "ಗಂಡನ ಮನಿ ಮಾನ ಹೋಗ್ತೈತಿ ತಂಗಿ" ಎಂದ. ಆಮೇಲೆ ತಾನೇ ಹಗ್ಗ ಜಗ್ಗಿ ಎತ್ತು ತಿರುಗಿಸಿದ.

ಅಣ್ಣ ಬಸವಣ್ಣನ ಗುಡಿಯ ನೆರಳಿನಲ್ಲಿ ಗಾಡಿ ಬಿಟ್ಟ. ನಾನು ಕೇಳಿಕೊಂಡು ಆ ಮನೆಗೆ ಹೋದೆ. ಅಜ್ಜಿ ಅಂಗಳದಲ್ಲಿ ಸಜ್ಜೆ ಹಸನು ಮಾಡುತ್ತಿದ್ದಳು. ಹುಡುಗಿ ನೀರಿಗೆ ಹೋಗಿದ್ದಳಂತೆ. ನಾನು ಯಾರೆಂದು ಹೇಳಿದ ಕೂಡಲೇ ಅಜ್ಜಿಯ ಕೈ ಮೊರದ ಮೇಲೆಯೇ ನಿಂತಿತು.

"ಜಗಳಕ್ಕ ಬಂದಿಯೇನವ್ವಾ?"

"ಇಲ್ಲಜ್ಜಿ. ಒಂದು ಮಾತು ಹೇಳಾಕ ಬಂದೀನಿ" ಎಂದು ಎಲ್ಲ ಹೇಳಿದೆ. ಗಾಜಿನ ಕಡ್ಡಿ, ಡಾಕ್ಟರು, ಮಂಗನಬಾವು. ಗಂಡನ ಗುಟ್ಟನ್ನು ಪರರ ಅಂಗಳದಲ್ಲಿ ಬಿಚ್ಚಿಟ್ಟೆ.

"ಹೊಟ್ಟೆಕಿಚ್ಚಿಗೆ ಹೇಳಾಕತ್ತಿಲ್ಲ ನೀನು. ನಿನ್ನ ಮಾರಿ ನೋಡಿದರ ತಿಳೀತೈತಿ" ಎಂದಳು ಕೊನೆಗೆ. "ಆದರ ನಾನು ಸತ್ತರ ಇಕಿಗೆ ಯಾರದಾರ? ಮಾವ ಇಲ್ಲದ ಮನಿ, ಕುಡಿಯದ ಗಂಡ, ದಿನಾ ಎರಡು ಹೊತ್ತು ಊಟ. ನಾನು ಮತ್ತ ಎಲ್ಲಿ ಹುಡುಕಲಿ? ಮಕ್ಕಳು ಆಗಲಿ, ಬಿಡಲಿ. ನೀನು ಇಕಿನ್ನ ಹೊಡಿಯಾಕಿ ಅಲ್ಲ, ಅಷ್ಟು ಗೊತ್ತಾತು ನನಗ."

ನನಗೆ ಒಂದು ಚೊಂಬು ಮಜ್ಜಿಗೆ ಕೊಟ್ಟಳು. ಹುಡುಗಿ ಬರುವ ಮುಂಚೆ ಹೊರಡು ಎಂದಳು. ಹೊಲಗಳ ನಡುವೆ ತೆಕ್ಕಲಕೋಟೆಯ ಕಡೆಗೆ ಗಾಡಿ ಸಾಗಿತು. ಸಿರುಗುಪ್ಪದಲ್ಲಿ ಹೊಳೆಯ ದಂಡೆಗೆ ಹೋಗಿ ಕೂಡುತ್ತಿದ್ದೆ. ಲಗ್ನದ ದಿನ ಅಮ್ಮ ನನಗೆ ತಲೆಗೆ ಎಣ್ಣೆ ಹಚ್ಚಿ, ಹಬ್ಬದಂತೆ ಎರೆದಳು. ಬೇರೇನು ಮಾಡಬೇಕೆಂದು ಅವಳಿಗೂ ತೋಚಿರಲಿಲ್ಲ.

ನಾನು ಬಳ್ಳಾರಿಗೆ ಮರಳಿ ಬಂದಾಗ ಬಾಗಿಲು ತೆಗೆದವಳು ಕುರುಗೋಡಿನ ಆ ಹುಡುಗಿಯೇ. ಕಪ್ಪು ಮೈಬಣ್ಣ, ದೊಡ್ಡ ಕಣ್ಣು. "ಬರ್ರಿ ಅಕ್ಕಾ" ಎಂದು ನನ್ನ ಗಂಟು ಇಸಕೊಂಡಳು. ನನ್ನ ಮನೆಗೆ ನನ್ನನ್ನೇ ಅವಳು ಕರೆದಳು. ಆದರೂ ಆ ಕರೆಯಲ್ಲಿ ಏನೋ ಒಂದು ಅಂಜಿಕೆ ಇತ್ತು, ನನಗೆ ಸಿಟ್ಟು ಬರಲಿಲ್ಲ.

ವರ್ಷವೊಂದು ಕಳೆಯುವುದರೊಳಗೆ ಅತ್ತೆ ಅವಳಿಗೂ ಬೇರು ಅರೆಯತೊಡಗಿದರು. ನಾನು ಕುಡಿದದ್ದಕ್ಕಿಂತ ಖಾರವಾದದ್ದು. ಅವಳು ಕುಡಿದು ಹಿತ್ತಲಲ್ಲಿ ವಾಂತಿ ಮಾಡಿ, ಬಾಯಿ ತೊಳೆದುಕೊಂಡು ಒಳಗೆ ಬಂದು, ಇನ್ನೊಂದು ಬಟ್ಟಲು ಕೇಳುತ್ತಿದ್ದಳು. "ನನ್ನ ನಕ್ಷತ್ರಾನ ಹಂಗೈತಿ ಅಕ್ಕಾ" ಎನ್ನುತ್ತಿದ್ದಳು. ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. ಬಟ್ಟಲು ಕಸಿದು ಚೆಲ್ಲಿ, ಮಾಳಿಗೆಗೆ ಕರೆದೊಯ್ದು ಎಲ್ಲ ಹೇಳಿದೆ.

ಅವಳು ನಂಬಲಿಲ್ಲ. ಡಬ್ಬಿಯಿಂದ ಕಡ್ಡಿ ತೆಗೆದುಕೊಟ್ಟೆ. ತಿಂಗಳಿಡೀ ಅವಳು ಅದನ್ನು ಬಾಯಲ್ಲಿಟ್ಟುಕೊಂಡಳು, ನಾನು ಓದಿದೆ. ಅವಳದೂ ನನ್ನದರಂತೆಯೇ ತಗ್ಗಿನಲ್ಲಿ ನಡೆದು ಮೆಟ್ಟಿಲೇರಿತು. ಏರಿದ ಬೆಳಿಗ್ಗೆ ಅವಳು ಕಡ್ಡಿಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು.

"ಹಂಗಾರ ನಾವಿಬ್ಬರೂ ಚಲೋನ ಅದೀವಿ" ಎಂದಳು. ಆಮೇಲೆ ಕೇಳಿದಳು, "ಲಗ್ನಕ್ಕಿಂತ ಮೊದಲು ಯಾರಿಗೂ ಹೇಳಲಿಲ್ಲೇನು ಅಕ್ಕಾ?"

ಸುಳ್ಳು ಹೇಳಬಹುದಿತ್ತು. ಆದರೆ ಇನ್ನೊಂದು ಸುಳ್ಳು ಅವಳ ಪಾಲಿಗೆ ಬೇಡವೆನಿಸಿತು. "ನಿಮ್ಮ ಅಜ್ಜಿಗೆ ಹೇಳಿದ್ದೆ" ಎಂದೆ.

ಗಂಡನ ಸುದ್ದಿ ಕೇಳಿದಾಗ ಅವಳು ಅತ್ತಿರಲಿಲ್ಲ. ಈ ಮಾತಿಗೆ ಅತ್ತಳು. ಮಾಳಿಗೆಯ ಗೋಡೆಗೆ ಹಣೆ ಒತ್ತಿ, ಸದ್ದಿಲ್ಲದೆ, ಬಹಳ ಹೊತ್ತು. ಅಜ್ಜಿ ಕೊಟ್ಟ ಕಾರಣವನ್ನು ನಾನು ಹೇಳಿದೆ. ಅವಳ ಕಿವಿಗೆ ಬಿತ್ತೋ ಇಲ್ಲವೋ.

ಅವಳು ಬೇರು ಕುಡಿಯುವುದನ್ನು ಬಿಟ್ಟಳು. ಅತ್ತೆ ಬೈದು ಬೈದು ಸುಮ್ಮನಾದರು. ಇಬ್ಬರೂ ಬಂಜೆಯರೆಂದು ನಂಬಿಕೊಂಡೇ ಕಣ್ಣುಮುಚ್ಚಿದರು. ನಮ್ಮ ಮನೆಯವರು ಕಚೇರಿಗೆ ಹೋಗುತ್ತಿದ್ದರು, ಬರುತ್ತಿದ್ದರು. ನಮ್ಮಿಬ್ಬರ ಕಣ್ಣನ್ನು ತಪ್ಪಿಸಿ ಉಣ್ಣುವುದು ಅವರಿಗೆ ರೂಢಿಯಾಯಿತು.

ಕುರುಗೋಡಿನಿಂದ ಅಜ್ಜಿ ಎಷ್ಟು ಸಲ ಹೇಳಿಕಳಿಸಿದರೂ ಅವಳು ಹೋಗಲಿಲ್ಲ. ಹಬ್ಬಕ್ಕೆ ಹೋಗಲಿಲ್ಲ, ಅಜ್ಜಿ ಹಾಸಿಗೆ ಹಿಡಿದಾಗಲೂ ಹೋಗಲಿಲ್ಲ. ನಾನು ಒತ್ತಾಯಿಸಿದರೆ, "ನೀವು ಪರರು. ನೀವು ನನ್ನ ಸಲುವಾಗಿ ಗಾಡಿ ತಿರುಗಿಸಿದಿರಿ" ಎಂದು ಅಷ್ಟಕ್ಕೇ ನಿಲ್ಲಿಸುತ್ತಿದ್ದಳು.

ಒಂದು ಮಧ್ಯಾಹ್ನ ಬಾದನಹಟ್ಟಿಯ ಕಡೆಯ ನೆಂಟನೊಬ್ಬ ಬಂದು, ಹೊಸ್ತಿಲಾಚೆಯೇ ನಿಂತು, ಅಜ್ಜಿ ಹೋದಳೆಂದು ಹೇಳಿದ. "ಕಡೀಕ ಒಂದಾ ಕೇಳ್ತಿದ್ಲು, ಹುಡುಗಿ ಬಸುರಾದಳೇನು ಅಂತ" ಎಂದ. ನಮ್ಮ ಮನೆಯವರು ಒಳಗಿನಿಂದ ಬಂದು, ಗಾಡಿ ತರಸ್ತೀನಿ, ಹೊರಡು ಎಂದರು. ಅವಳು ಅವರ ಮುಖವನ್ನು ನೇರವಾಗಿ ನೋಡಿದಳು.

"ಆಕೀಗೂ ನಿಮ್ಮಂಗ ಆಸಿ ಇತ್ತು ನೋಡ್ರಿ" ಎಂದಳು.

ಅವಳು ಬಚ್ಚಲಿಗೆ ಹೋಗಿ ತಣ್ಣೀರನ್ನೇ ತಲೆಗೆ ಸುರಿದುಕೊಂಡಳು. ಬಿಂದಿಗೆ ಬರಿದಾಯಿತು. ನಾನು ಬಾವಿಯಿಂದ ಇನ್ನೊಂದು ಬಿಂದಿಗೆ ಸೇದಿ ತಂದು, ಅವಳ ತಲೆಯ ಮೇಲೆ ನಿಧಾನವಾಗಿ ಹೊಯ್ದೆ.