ಇಸ್ತ್ರಿ ಕೋಣೆಯ ಓದಮ್ಮ, ಬೀಗ ಬಿದ್ದ ಗೋಪುರ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ವ್ಯಕ್ತಿಪರಿಚಯದ ಇಂಥ ಪುಟದಲ್ಲಿ ಸಾಮಾನ್ಯವಾಗಿ ಹೊಗಳಿಕೆ ಇರುತ್ತದೆ. ಈ ಹೆಂಗಸು ಅದನ್ನು ಬಾಗಿಲಲ್ಲೇ ತಡೆದಿದ್ದಾರೆ. "ಬರೆಯೋದಾದ್ರೆ ನನ್ನ ತಪ್ಪನ್ನೂ ಬರೀರಿ. ಇಲ್ಲಾಂದ್ರೆ ಬೇಡವೇ ಬೇಡ" ಎಂದಿದ್ದಾರೆ. ಆ ತಪ್ಪನ್ನು ಹೆಚ್ಚುಕಡಿಮೆ ಮಾಡದೆ ಹೇಳುವ ಯೋಗ್ಯತೆ ಈ ಬರಹಕ್ಕಿದೆಯೋ ಇಲ್ಲವೋ, ಓದಿದವರೇ ತೀರ್ಮಾನಿಸಬೇಕು.

ಬೆಳಗಿನ ಐದೂ ಹತ್ತು. ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬಾಯ್ಲರ್ ಹೊತ್ತಿದೆ. ಉಗಿ ಏರಲು ನಲವತ್ತು ನಿಮಿಷ ಬೇಕು. ಏರಿದ ಮೇಲೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದು. ಹಾಗಾಗಿ ಈ ನಲವತ್ತು ನಿಮಿಷ ಕಥೆಯ ಪಾಲು. ಹತ್ತು ಹೆಂಗಸರು ನಿನ್ನೆ ಒಣಗಿದ ಹಾಸುಗಳನ್ನು ಇಬ್ಬಿಬ್ಬರಾಗಿ ಹಿಡಿದು ಒದರಿ ಮಡಚುತ್ತಾರೆ. ಹನ್ನೊಂದನೆಯವರು ಮಗುಚಿದ ಬುಟ್ಟಿಯ ಮೇಲೆ ಕೂತು ಓದುತ್ತಾರೆ. ಅವರ ಪಾಲಿನ ಮಡಚುವಿಕೆ ಉಳಿದವರ ಹೆಗಲಿಗೆ. ಹತ್ತೊಂಬತ್ತು ವರ್ಷದಿಂದ ಇದೇ ಒಪ್ಪಂದ. ಇಲ್ಲಿ ಎಲ್ಲರಿಗೂ ಅವರು ಓದಮ್ಮ.

"ಮೇಣದಬತ್ತಿ ಆರಿತು. ಗೋಪುರದಲ್ಲಿ ಯಾರೋ ಅಳುತ್ತಿದ್ದರು. ಅವಳು ಕೊರಳಿನ ಶಿಲುಬೆಯನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲು ಹತ್ತಿದಳು..."

"ಹತ್ತಬೇಡವೇ ಮಂಕೇ!" ಎಂದು ಕೂಗುತ್ತಾರೆ ಕೋಣೆಗೆಲ್ಲ ಹಿರಿಯರಾದ ದೊಡ್ಡಕ್ಕ. "ಅಷ್ಟು ದೊಡ್ಡ ಬಂಗಲೆ, ಉರಿಯೋದು ಒಂದೇ ಬತ್ತಿ. ಆ ಯಜಮಾನ ಜಿಪುಣಾಗ್ರೇಸರ ಕಣೇ."

ಪುಸ್ತಕಗಳು ಇದೇ ಆಸ್ಪತ್ರೆಯಲ್ಲಿ ತೀರಿಕೊಂಡ ಒಬ್ಬ ಪಾದ್ರಿಯ ಹೆಂಡತಿಯವು. ಕೇಳುವವರಿಲ್ಲದೆ ನಾಲ್ಕು ಪೆಟ್ಟಿಗೆ ಇಲ್ಲಿಗಿಳಿದವು. ಎಲ್ಲವೂ ಹಳೇ ಕಾಲದ ಪ್ರೇಮಕಥೆಗಳೇ. ದೇವರನ್ನು ನಂಬಿದ ಅನಾಥ ಹುಡುಗಿ, ಬೆಟ್ಟದ ಮೇಲಿನ ಬಂಗಲೆ, ಸಿಡುಕು ಮೋರೆಯ ಯಜಮಾನ, ಯಾರೂ ತೆರೆಯದ ಕೋಣೆ. ಕೊನೆಗೆ ಪ್ರಾರ್ಥನೆ, ಕ್ಷಮೆ, ಚರ್ಚಿನಲ್ಲಿ ಮದುವೆ. ಒಟ್ಟು ನಲವತ್ತೊಂದು. ದಿನಕ್ಕೆ ಹದಿನೆಂಟು ಪುಟ. ಮುಗಿದರೆ ಮತ್ತೆ ಮೊದಲಿನಿಂದ. ಈಗ ಒಂಬತ್ತನೆಯ ಸುತ್ತು. ಹಳಬರಿಗೆಲ್ಲ ಸಾಲುಸಾಲೂ ಬಾಯಿಪಾಠ.

ಚರ್ಚಿನ ಗಂಟೆ ಹೊಡೆಯುವವನ ಮಗಳು ಓದಮ್ಮ. ಎಂಟನೆಯ ತರಗತಿಗೆ ಓದು ನಿಂತಿತು. ಉಗಿ ಏರಿದ ಮೇಲೆ ಅವರಿಗೂ ರಿಯಾಯಿತಿಯಿಲ್ಲ, ಸಂಜೆಯೊಳಗೆ ನೂರಾ ಎಂಬತ್ತು ಹಾಸು ಇಸ್ತ್ರಿಯಾಗಬೇಕು. ಬಲಗೈಯ ಮೂರು ಬೆರಳುಗಳಿಗೆ ಬಿಸಿ ಯಾವುದು, ತಣ್ಣಗೆ ಯಾವುದು ಎಂದು ಈಗ ತಿಳಿಯುವುದಿಲ್ಲ. ಪುಟ ತಿರುವುವುದು ಎಡಗೈಯಲ್ಲಿ.

ಇನ್ನು ಆ ತಪ್ಪು. ಐದು ವರ್ಷದ ಹಿಂದೆ ದಿಂಬಿನ ಗವುಸು ಇಸ್ತ್ರಿ ಮಾಡಲು ಹೊಸಬಳೊಬ್ಬಳು ಬಂದಳು. ದಿಂಬಿನವಳು ಎಂದೇ ಕರೆದರು. ಗಂಡ ಹೊರಗೆ ಹೋಗುವಾಗ ಅವಳನ್ನು ಒಳಗಿಟ್ಟು ಬೀಗ ಹಾಕುತ್ತಿದ್ದ. ಬಂದ ಮೇಲೆ ಹೊಡೆಯುತ್ತಿದ್ದ. ತಪ್ಪಿಸಿಕೊಂಡು ಅಕ್ಕನ ಮನೆ ಸೇರಿದ್ದಳು. ಏಳು ತಿಂಗಳು ಕಥೆ ಕೇಳಿದಳು. ಆಗ ಬಂತು ಇಪ್ಪತ್ತೇಳನೆಯ ಪುಸ್ತಕ. ಅದರಲ್ಲಿ ಯಜಮಾನ ಹುಡುಗಿಯನ್ನು ಗೋಪುರದಲ್ಲಿಟ್ಟು ಬೀಗ ಹಾಕುತ್ತಾನೆ. ಕೊಲೆಗಾರ ತಮ್ಮನಿಂದ ಅವಳನ್ನು ಕಾಪಾಡಲು ಹಾಗೆ ಮಾಡಿದ್ದ ಎಂದು ಆಮೇಲೆ ಗೊತ್ತಾಗುತ್ತದೆ. ಅವಳು ಕ್ಷಮಿಸುತ್ತಾಳೆ.

ದಿಂಬಿನವಳು ಆ ಅಧ್ಯಾಯವನ್ನು ಮಾರನೆಯ ದಿನವೂ ಓದಿಸಿದಳು. "ಓದಮ್ಮಾ, ಅವನು ಬೀಗ ಹಾಕಿದ್ದು ಅವಳ ಒಳ್ಳೇದಕ್ಕೇ ಅಲ್ವಾ?" ಎಂದು ಕೇಳಿದಳು.

"ಬಾಯ್ಲರ್ ಗುರುಗುಡ್ತಿತ್ತು. ಇನ್ನೂ ಆರು ಪುಟ ಬಾಕಿ" ಎನ್ನುತ್ತಾರೆ ಓದಮ್ಮ. "ಹೂಂ ಮತ್ತೆ, ಪುಸ್ತಕದಲ್ಲೇ ಇದೆಯಲ್ಲ ಅಂದೆ. ತಲೆ ಎತ್ತಿ ಅವಳ ಮುಖ ಕೂಡ ನೋಡ್ಲಿಲ್ಲ."

ಮುಂದಿನ ಸೋಮವಾರ ದಿಂಬಿನ ಮೇಜು ಖಾಲಿ. ಗಂಡನ ಮನೆಗೆ ಹೋಗಿದ್ದಳು.

ಮೂರು ತಿಂಗಳ ಮೇಲೆ ಅವಳು ಇದೇ ಆಸ್ಪತ್ರೆಯ ಮೂರನೆಯ ಮಹಡಿಗೆ ಬಂದಳು, ಸ್ಟ್ರೆಚರ್ ಮೇಲೆ. ಊಟದ ಬಿಡುವಿನಲ್ಲಿ ಓದಮ್ಮ ಹತ್ತಿಹೋದರು. ದವಡೆ ಮುರಿದು ಕಟ್ಟು ಹಾಕಿದ್ದರು, ಮಾತಿಲ್ಲ. ಅವಳು ಎರಡೂ ಅಂಗೈ ಜೋಡಿಸಿ ಪುಸ್ತಕದಂತೆ ಬಿಡಿಸಿ ತೋರಿಸಿದಳು. "ಓದು ಅಂದಳೋ, ನೋಡು ನಿನ್ನ ಪುಸ್ತಕದ ಫಲ ಅಂದಳೋ" ಎನ್ನುತ್ತಾರೆ ಓದಮ್ಮ. "ನಾಳೆ ತರ್ತೀನಿ ಅಂದೆ. ನಾಳೆ ಅವಳಿರಲಿಲ್ಲ. ಗಂಡ ಬಂದು ಕರ್ಕೊಂಡು ಹೋಗಿದ್ದ. ಅವಳ ಮಂಚದ ಹಾಸು ಮಾತ್ರ ಕೆಳಗೆ ಬಂತು. ನಾನೇ ಇಸ್ತ್ರಿ ಮಾಡಿದೆ."

ಮೂರು ವಾರ ಅವರು ಓದಲಿಲ್ಲ. ಅವಳ ಅಕ್ಕ ಲಾಂಡ್ರಿ ಬಾಗಿಲಿಗೇ ಬಂದು, "ಕಥೆ ಓದಿ ನನ್ನ ತಂಗಿ ಬಾಳು ಹಾಳು ಮಾಡಿದೆಯಲ್ಲೇ" ಎಂದು ಬೈದುಹೋದಳು. ದೊಡ್ಡಕ್ಕನಿಗೆ ಇಂದಿಗೂ ಆ ಮಾತು ಗಂಟಲಿನ ಮುಳ್ಳು. "ಕಥೆ ಕೇಳಿ ಯಾರಾದ್ರೂ ಹೋಗ್ತಾರಾ? ಆ ಅಕ್ಕನ ಮನೆಯಲ್ಲಿ ಅವಳಿಗೆ ಒಂದು ಚಾಪೆ ಹಾಸೋ ಜಾಗ ಕೊಟ್ಟಿರಲಿಲ್ಲ. ಹೊಗೆ ಎಲ್ಲಿಂದಲೋ, ಬೈಗುಳ ಇವಳಿಗೆ."

ಓದಮ್ಮ ಮತ್ತೆ ಓದತೊಡಗಿದರು, ತಿದ್ದಿ. ಈ ವಾರ ಇಪ್ಪತ್ತೇಳನೆಯ ಪುಸ್ತಕದ ಸರದಿ. ಯಜಮಾನ ಬೀಗ ಹಾಕುತ್ತಾನೆ. ಓದಮ್ಮನ ಕಣ್ಣು ಪುಟದಿಂದ ಮೇಲೇಳುತ್ತದೆ, ಬಾಯಿ ನಿಲ್ಲುವುದಿಲ್ಲ. ಹುಡುಗಿ ಪರದೆ ಹರಿದು ಹಗ್ಗ ಮಾಡುತ್ತಾಳೆ, ಚಪ್ಪಲಿಯನ್ನು ಹಲ್ಲಲ್ಲಿ ಕಚ್ಚಿ ಕಿಟಕಿಯಿಂದ ಇಳಿಯುತ್ತಾಳೆ, ಹಿಂದೆ ತಿರುಗಿ ನೋಡುವುದಿಲ್ಲ. ಮೂಲ ಕಥೆ ಬಾಯಿಪಾಠವಿರುವ ಹತ್ತು ಹೆಂಗಸರಲ್ಲಿ ಒಬ್ಬರೂ ಅವರನ್ನು ತಿದ್ದುವುದಿಲ್ಲ.

"ಓಡಲಿ, ಓಡಲಿ" ಎನ್ನುತ್ತಾರೆ ದೊಡ್ಡಕ್ಕ, ಹಾಸು ಒದರುತ್ತಾ.

ಓದಮ್ಮನ ಆಸೆ ಒಂದೇ. "ಅವಳು ಒಂದ್ಸಲ ಬಂದು ಈ ಬುಟ್ಟಿ ಮುಂದೆ ಕೂತ್ಕೋಬೇಕು. ಆವತ್ತು ಪುಸ್ತಕ ಮುಚ್ಚಿಟ್ಟು, ಅವಳ ಮುಖ ನೋಡ್ಕೊಂಡು, ಬೀಗ ಹಾಕೋದು ಒಳ್ಳೇದಕ್ಕಲ್ಲ ಕಣೇ ಅಂತ ಹೇಳ್ತೀನಿ. ಬಾಯ್ಲರ್ ಬೇಕಾದ್ರೆ ಸಿಡೀಲಿ."

ದಿಂಬಿನವಳು ಈಗ ಎಲ್ಲಿದ್ದಾಳೆ, ಇದ್ದಾಳೆಯೇ ಎಂಬುದು ತಿಳಿಯಲಿಲ್ಲ. ಹಳೆಯ ವಿಳಾಸದಲ್ಲಿ ಬೇರೆಯವರಿದ್ದಾರೆ. ಅಕ್ಕ ಮಾತಾಡಲು ಒಪ್ಪಲಿಲ್ಲ. ಅವಳನ್ನು ವಾಪಸು ಕಳಿಸಿದ್ದು ಕಥೆಯೋ, ಚಾಪೆಯೋ, ಅದೂ ತಿಳಿಯಲಿಲ್ಲ.